ಹಿಮಗಾಳಿಯ ಕಾಲಕ್ಕೆ ಮನೆಯ ಸಿದ್ಧತೆ



ದೀಪಾವಳಿ ಕಳೆದು ಕಾರ್ತಿಕದ ದೀಪಗಳು ಹೊಸ್ತಿಲಲ್ಲಿ ಉರಿಯುವ ಈ ದಿನಗಳಲ್ಲಿ ನಮ್ಮ ಸಮಾಜದ ಅನೇಕ ತಾಯಂದಿರು ಪೆಟ್ಟಿಗೆ ಕಟ್ಟುತ್ತಿರುತ್ತಾರೆ. ಮಗಳಿಗೋ ಸೊಸೆಗೋ ದಿನ ತುಂಬುತ್ತ ಬಂದಿವೆ. ಬಾಣಂತನಕ್ಕೆಂದು ಅಮೆರಿಕಕ್ಕೋ ಕೆನಡಕ್ಕೋ ಹೊರಡಬೇಕು. ಖಾರದ ಪುಡಿ, ಅಂಟಿನ ಉಂಡೆ, ಅಳವಿ, ಒಣಶುಂಠಿ, ಕೂಸಿನ ಕುಲಾವಿ ಎಲ್ಲವೂ ಪೆಟ್ಟಿಗೆಯಲ್ಲಿ ಜಾಗ ಹಿಡಿಯುತ್ತವೆ. ದಾವಣಗೆರೆಯ ಸಹೋದರಿಯೊಬ್ಬರು ನಮಗೆ ಪತ್ರ ಬರೆದು, “ಅಲ್ಲಿ ಹಿಮ ಬೀಳುವ ಕಾಲವಂತೆ, ನಾನು ಏನನ್ನು ಒಯ್ಯಬೇಕು, ಮಕ್ಕಳಿಗೆ ಏನು ಹೇಳಬೇಕು?” ಎಂದು ಕೇಳಿದ್ದಾರೆ. ಈ ತಿಂಗಳ ಲೇಖನ ಆ ತಾಯಿಗೆ ಉತ್ತರವೂ ಹೌದು, ನಾವು ಮಾಡಿದ ಒಂದು ತಪ್ಪಿನ ನಿವೇದನೆಯೂ ಹೌದು.

ಧರ್ಮವಿಚಾರಕ್ಕೆ ಮೀಸಲಾದ ಈ ಪುಟದಲ್ಲಿ ಹಿಮ, ಕೊಳವೆ, ಇದ್ದಲುಗಳ ಮಾತೇಕೆ ಎಂದು ಕೆಲವು ಹಿರಿಯರು ಹುಬ್ಬೇರಿಸಬಹುದು. 2022ರ ಡಿಸೆಂಬರಿನಲ್ಲಿ ನಮ್ಮ ಮಾತನ್ನು ನಂಬಿದ ಒಂದು ಮನೆಯಲ್ಲಿ ಮೂರು ವಾರದ ಕೂಸೂ ಅದರ ತಾಯಿಯೂ ಪ್ರಾಣಾಪಾಯದ ಅಂಚಿಗೆ ಹೋಗಿ ಬಂದರು. ಅದನ್ನು ಕಂಡ ಮೇಲೆ ಸುಮ್ಮನಿರುವುದು ನಮಗೆ ಸಾಧ್ಯವಾಗಿಲ್ಲ.

ನಮ್ಮ ಶಿಷ್ಯರೊಬ್ಬರು ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಅಂಚಿನಲ್ಲಿರುವ ಬಫಲೋ ನಗರದ ಹೊರವಲಯದಲ್ಲಿ ನೆಲೆಸಿದ್ದಾರೆ. ನಯಾಗರ ಜಲಪಾತ ಅಲ್ಲಿಗೆ ಸಮೀಪ. ಕೂಸಿನ ಲಿಂಗಧಾರಣೆಗೆಂದು ಅವರು ನಮ್ಮನ್ನು ಕರೆಸಿಕೊಂಡಿದ್ದರು. ಹಾವೇರಿ ಕಡೆಯ ಅವರ ಅತ್ತೆಯವರು ಮಗಳ ಬಾಣಂತನಕ್ಕೆ ಮೊದಲೇ ಬಂದಿದ್ದರು. ಶಾಸ್ತ್ರ ಮುಗಿದು ನಾವು ಮರಳಬೇಕೆನ್ನುವಷ್ಟರಲ್ಲಿ ಹಿಮಗಾಳಿಯ ಮುನ್ಸೂಚನೆ ಬಂದಿತು.

ಬಫಲೋ ನಗರಕ್ಕೆ ಹಿಮ ಹೊಸದಲ್ಲ. ಅದರ ನೈರುತ್ಯಕ್ಕೆ ಈರಿ ಸರೋವರ ಸುಮಾರು 390 ಕಿ.ಮೀ. ಉದ್ದಕ್ಕೆ ಚಾಚಿಕೊಂಡಿದೆ. ಡಿಸೆಂಬರಿನಲ್ಲಿ ಸರೋವರದ ನೀರು ಇನ್ನೂ ಹೆಪ್ಪುಗಟ್ಟಿರುವುದಿಲ್ಲ; ಅದರ ಮೇಲೆ ಉದ್ದಕ್ಕೆ ಬೀಸುವ ಕೊರೆಯುವ ಗಾಳಿ ನೀರಿನ ಆವಿಯನ್ನು ಹೊತ್ತು ತಂದು ದಂಡೆಯ ಊರಿನ ಮೇಲೆ ಹಿಮವಾಗಿ ಸುರಿಯುತ್ತದೆ. ಅರಬ್ಬೀ ಸಮುದ್ರದ ಮೋಡ ಘಟ್ಟಕ್ಕೆ ಬಡಿದು ಆಗುಂಬೆಯಲ್ಲಿ ಮಳೆಗರೆಯುವುದನ್ನು ಕಂಡವರಿಗೆ ಈ ಕ್ರಮ ಬೇಗ ತಿಳಿದೀತು. ಆದರೆ ಹಿಮ ಬೀಳುವುದೇ ಬೇರೆ, ಹಿಮಗಾಳಿಯೇ ಬೇರೆ. ಗಂಟೆಗೆ 35 ಮೈಲಿ, ಎಂದರೆ 56 ಕಿ.ಮೀ.ಗೆ ಕಡಿಮೆಯಿಲ್ಲದ ಗಾಳಿ, ಕಾಲು ಮೈಲಿಯಾಚೆ ಏನೂ ಕಾಣದಂತೆ ಹಿಮ, ಇವೆರಡೂ ಮೂರು ಗಂಟೆಗಳವರೆಗೆ ಬಿಡದೆ ನಿಂತರೆ ಅಲ್ಲಿನ ಹವಾಮಾನ ಇಲಾಖೆ ಅದನ್ನು ‘ಬ್ಲಿಝರ್ಡ್’ ಎಂದು ಕರೆಯುತ್ತದೆ. ಆ ವರ್ಷ ಬಫಲೋದಲ್ಲಿ ಅದು ಮೂರು ಗಂಟೆಯಲ್ಲ, 37 ಗಂಟೆ ನಿಂತಿತು. ವಿಮಾನ ನಿಲ್ದಾಣದಲ್ಲಿ ಅಳೆದ ಹಿಮ ಸುಮಾರು 52 ಅಂಗುಲ. ಗಾಳಿಯ ಹೊಡೆತ ಗಂಟೆಗೆ 110 ಕಿ.ಮೀ.ಯನ್ನೂ ದಾಟಿತು. ಪ್ರಾಣ ಕಳೆದುಕೊಂಡವರು 40ಕ್ಕೂ ಹೆಚ್ಚು: ಕೆಲವರು ಕಾರಿನಲ್ಲಿ, ಕೆಲವರು ಬೀದಿಯಲ್ಲಿ, ಕೆಲವರು ಹಿಮ ಎತ್ತುತ್ತ ಹೃದಯ ನಿಂತು, ಇನ್ನು ಕೆಲವರು ಕಾವಿಲ್ಲದ ತಮ್ಮದೇ ಮನೆಯಲ್ಲಿ.

ಡಿಸೆಂಬರ್ 23, ಶುಕ್ರವಾರ ಬೆಳಗ್ಗೆ ಮಳೆ ಹನಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಿಟಕಿಯಾಚೆ ಎದುರುಮನೆ ಇರಲಿಲ್ಲ, ಬರಿಯ ಬಿಳುಪು. ವಾಹನ ಸಂಚಾರದ ನಿಷೇಧ ಹೊರಟದ್ದು ಅದೇ ಬೆಳಗ್ಗೆ. ಅಷ್ಟರಲ್ಲಿ ಎಷ್ಟೋ ಮಂದಿ ಕೆಲಸಕ್ಕೆ ಹೊರಟುಹೋಗಿದ್ದರು. ಬಳಿಕ ಅಗ್ನಿಶಾಮಕ ದಳದ ಬಂಡಿಗಳೂ ಆಂಬುಲೆನ್ಸುಗಳೂ ಹಿಮದಲ್ಲಿ ಹೂತು ನಿಂತವು. ಕರೆದರೆ ಯಾರೂ ಬರಲಾರದ ಸ್ಥಿತಿ ಜಗತ್ತಿನ ಅತ್ಯಂತ ಶ್ರೀಮಂತ ದೇಶದಲ್ಲಿಯೂ ಉಂಟಾಗಬಲ್ಲದು. ಅಲ್ಲಿ ಮನೆ ಹೂಡಿರುವ ನಮ್ಮ ಮಕ್ಕಳು ಇದೊಂದನ್ನು ಮೊದಲು ನಂಬಬೇಕು. ಸಿದ್ಧತೆ ಎಂಬುದೆಲ್ಲ ಆ ನಂಬಿಕೆಯಿಂದಲೇ ಹುಟ್ಟುತ್ತದೆ.

ಶನಿವಾರ ನಸುಕಿನಲ್ಲಿ ವಿದ್ಯುತ್ತು ಹೋಯಿತು. ಮನೆಯನ್ನು ಕಾಯಿಸುವ ಫರ್ನೇಸು ಅನಿಲದಿಂದ ಉರಿಯುವುದಲ್ಲವೆ, ಅದಕ್ಕೇನು ತೊಂದರೆ ಎಂದು ನಾವು ಕೇಳಿದೆವು. ಉರಿಯುವುದು ಅನಿಲವೇ, ಆದರೆ ಕಾವನ್ನು ಕೋಣೆಕೋಣೆಗೆ ದೂಡುವ ಬೀಸಣಿಗೆ, ಉರಿಯನ್ನು ಹೊತ್ತಿಸುವ ಯಂತ್ರ ಎರಡೂ ವಿದ್ಯುತ್ತಿನವು. ಕರೆಂಟು ಹೋದೊಡನೆ ಮನೆಯ ಒಲೆ ಆರಿದಂತೆಯೇ. ಸಂಜೆಯ ಹೊತ್ತಿಗೆ ಗೋಡೆಯ ಉಷ್ಣಮಾಪಕ 50 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದ 10 ಡಿಗ್ರಿಗೆ ಇಳಿದಿತ್ತು. ಬಾಣಂತಿ ಮೂರು ರಗ್ಗು ಹೊದ್ದು ಕೂಸನ್ನು ಎದೆಗವಚಿಕೊಂಡು ಕುಳಿತಿದ್ದಳು.

ಆಗ ಅಜ್ಜಿಯವರು ಅಂದರು: “ಗುರುಗಳ, ಬಾಣಂತಿ ಖೋಲಿಯಾಗ ಕೆಂಡ ಇಲ್ಲಂದ್ರ ಹೆಂಗ್ರೀ? ನಮ್ಮವ್ವ ನನ್ನ ಹೊರಸಿನ ಕೆಳಗ ಅಗ್ಗಿಷ್ಟಿಕಿ ಇಟ್ಟ ಕಾಸಿದ್ಲು.” ಬೇಸಗೆಯಲ್ಲಿ ಅಂಗಳದಲ್ಲಿ ಅಡುಗೆ ಮಾಡಲು ತಂದ ಇದ್ದಲಿನ ಚೀಲವೊಂದು ಗ್ಯಾರೇಜಿನಲ್ಲಿತ್ತು. ಶಿಷ್ಯರು ಹಿಂಜರಿದು ನಮ್ಮ ಮುಖ ನೋಡಿದರು. ನಾವು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಓದಿದವರು. ಪುಷ್ಯ ಮಾಸದ ಬೆಳಗಿನ ಜಾವ ಅಗ್ಗಿಷ್ಟಿಕೆಯ ಸುತ್ತ ಕುಳಿತು ಶಬ್ದರೂಪ ಒಪ್ಪಿಸಿದ ನೆನಪು ನಮಗೆ ಹಿತವಾದುದು. “ಇದ್ದಲು ಪೂರ್ತಿ ಹೊತ್ತಲಿ, ಹೊಗೆ ಅಡಗಿದ ಮೇಲೆ ಒಳಗೆ ತನ್ನಿ, ಏನೂ ಆಗದು” ಎಂದು ನಾವೇ ಅಪ್ಪಣೆ ಕೊಟ್ಟೆವು. ಕಬ್ಬಿಣದ ಬಾಣಲೆಯಲ್ಲಿ ಕೆಂಪಗೆ ಹೊಳೆಯುವ ಕೆಂಡ ಬಂದಿತು. ಹೊಗೆಯಿಲ್ಲ, ವಾಸನೆಯಿಲ್ಲ. ಕೋಣೆಯ ಬಾಗಿಲು ಹಾಕಿ, ಸಂದಿಗೆ ಬಟ್ಟೆ ತುರುಕಿದೆವು. ಬಾಣಂತಿಗೆ ಜೊಂಪು ಹತ್ತಿತು. ಬೆಚ್ಚಗಾಯಿತು, ನಿದ್ದೆ ಬಂತು ಎಂದು ಎಲ್ಲರಿಗೂ ಸಮಾಧಾನ.

ಅರ್ಧ ಗಂಟೆಯೊಳಗೆ ಆ ಕೋಣೆಯ ಹೊರಗಿನ ಗೋಡೆಯಲ್ಲಿದ್ದ ಪುಟ್ಟ ಪೆಟ್ಟಿಗೆಯೊಂದು ಕಿವಿಗಡಚಿಕ್ಕುವಂತೆ ಕೂಗತೊಡಗಿತು. ಇಲ್ಲಿ ನಮ್ಮ ಇನ್ನೊಂದು ತಪ್ಪನ್ನೂ ಹೇಳಬೇಕು. ಅದಕ್ಕೆ ಒಂದು ವಾರ ಮೊದಲು, ಪೂಜೆಯ ಧೂಪಕ್ಕೆ ಅಡುಗೆಮನೆಯ ಚಾವಣಿಯ ಹೊಗೆ ಅಲಾರಾಮು ಕೂಗಿ ಲಿಂಗಪೂಜೆಗೆ ಭಂಗ ತಂದಿತೆಂದು ನಾವು ಬೇಸರಿಸಿ, ಅದರ ಬ್ಯಾಟರಿಯನ್ನು ತೆಗೆಸಿದ್ದೆವು. ಒಗ್ಗರಣೆಯ ಘಾಟಿಗೂ ಅದು ಕೂಗುವುದರಿಂದ ಅಜ್ಜಿಯವರಿಗೂ ಅದೇ ಬೇಕಾಗಿತ್ತು. ಈಗ ಈ ಎರಡನೆಯದು ಕೂಗಿದಾಗಲೂ, “ಇದರ ಬ್ಯಾಟರಿಯನ್ನೂ ತೆಗೆಯಿರಿ, ಕೂಸು ಏಳುತ್ತದೆ” ಎಂಬ ಮಾತು ನಮ್ಮ ಬಾಯಿಂದಲೇ ಹೊರಟಿತು. ಪುಣ್ಯಕ್ಕೆ ಶಿಷ್ಯರು ಟಾರ್ಚಿನ ಬೆಳಕಿನಲ್ಲಿ ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಓದಿದರು. ಅದು ಹೊಗೆಯದಲ್ಲ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲದ್ದು. ಅವರು ಮರುಮಾತಾಡದೆ ಬಾಣಲೆಯನ್ನು ಎತ್ತಿಕೊಂಡು ಓಡಿ ಹಿಮಕ್ಕೆ ಎಸೆದರು. ಕೂಸನ್ನೂ ಬಾಣಂತಿಯನ್ನೂ ಎಬ್ಬಿಸಿ ಮುಂಬಾಗಿಲಿಗೆ ತಂದೆವು. ಅವಳು ತಡವರಿಸುತ್ತ, ತಲೆ ಸಿಡಿಯುತ್ತಿದೆ, ಹೊಟ್ಟೆ ತೊಳಸುತ್ತಿದೆ ಎಂದಳು. ನಾವು ನಿದ್ದೆಯೆಂದು ಭಾವಿಸಿದ್ದು ನಿದ್ದೆಯಾಗಿರಲಿಲ್ಲ.

ತುರ್ತು ಸಂಖ್ಯೆ 911ಕ್ಕೆ ಕರೆ ಬಹಳ ಹೊತ್ತಿನ ಮೇಲೆ ಸಿಕ್ಕಿತು. ಗಾಳಿಗೆ ತೆರೆದುಕೊಂಡಿರಿ, ಮತ್ತೆ ಉರಿ ಹಚ್ಚಬೇಡಿ, ನಮ್ಮವರು ಈಗ ಬರಲಾರರು ಎಂಬುದು ಉತ್ತರ. ಬಾಗಿಲು ತೆರೆದರೆ ಹಿಮ, ಮುಚ್ಚಿದರೆ ವಿಷ. ಅಷ್ಟರಲ್ಲಿ ಅಲಾರಾಮಿನ ಕೂಗು ಕೇಳಿ ಪಕ್ಕದ ಮನೆಯ ಕಿಟಕಿಯಲ್ಲಿ ಟಾರ್ಚು ಮಿನುಗಿತು. ಎಪ್ಪತ್ತು ದಾಟಿದ ಒಂಟಿ ಮಹಿಳೆ. ಎರಡು ವರ್ಷ ನೆರೆಯಲ್ಲಿದ್ದರೂ ಶಿಷ್ಯರಿಗೆ ಆಕೆಯ ಹೆಸರು ಗೊತ್ತಿರಲಿಲ್ಲ. ಆಕೆಯ ಮನೆಯಲ್ಲಿ ಚಿಮಣಿಯುಳ್ಳ ಹಳೆಯ ಕಟ್ಟಿಗೆಯ ಒಲೆಯಿತ್ತು. ಹತ್ತೇ ಹೆಜ್ಜೆ ದೂರ. ಆ ಹತ್ತು ಹೆಜ್ಜೆಗೂ ಬಾಗಿಲ ಹಿಡಿಗೆ ಹಗ್ಗ ಕಟ್ಟಿ, ಗಾಳಿ ಅರೆಗಳಿಗೆ ತಗ್ಗಿದಾಗ ಗೋಡೆಗುಂಟ ದಾಟಿದೆವು. ಸೋಮವಾರ ವಿದ್ಯುತ್ತು ಬರುವವರೆಗೆ ಆ ತಾಯಿಯ ಒಲೆಯ ಮುಂದೆ ಕೂಸು ಮಲಗಿತ್ತು. ರಸ್ತೆ ತೆರೆದ ಮೇಲೆ ವೈದ್ಯರು ತಾಯಿಮಗುವನ್ನು ಪರೀಕ್ಷಿಸಿ ಕ್ಷೇಮವೆಂದರು.

ನಮ್ಮ ಹಿರಿಯರು ಮಾಡಿದ್ದು ತಪ್ಪೆ? ಅಲ್ಲ. ಅವರ ಮನೆಗೆ ಹೆಂಚಿನ ಮಾಡು, ಬೆಳಕಿಂಡಿ, ಎಂದೂ ಸರಿಯಾಗಿ ಮುಚ್ಚದ ಬಾಗಿಲು ಇದ್ದವು, ಮನೆಯೇ ಉಸಿರಾಡುತ್ತಿತ್ತು. ಅಮೆರಿಕದ ಮನೆ ಕಾವು ಸೋರದಂತೆ ಬಿಗಿದು ಕಟ್ಟಿದ ಪೆಟ್ಟಿಗೆ. ಗಾಳಿ ಸಾಲದೆ ಇದ್ದಲು ಅರೆಬರೆ ಉರಿದಾಗ ಹುಟ್ಟುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಅಡಗಿದ ಕೆಂಡದಿಂದಲೂ ಅದು ಹೊರಡುತ್ತಲೇ ಇರುತ್ತದೆ. ರಕ್ತದಲ್ಲಿ ಪ್ರಾಣವಾಯುವಿನ ಸ್ಥಾನವನ್ನು ಅದು ಆಕ್ರಮಿಸುತ್ತದೆ. ಮಲಗಿದವರು ಮಲಗಿದಂತೆಯೇ ಹೋಗುತ್ತಾರೆ. ಮುಚ್ಚಿದ ಕೋಣೆಯಲ್ಲಿ ಇದ್ದಲು ಹಚ್ಚಿ ಮಲಗಿದವರು ಬೆಳಗ್ಗೆ ಏಳಲಿಲ್ಲವೆಂಬ ಸುದ್ದಿ ನಮ್ಮ ದೇಶದ ಪತ್ರಿಕೆಗಳಲ್ಲಿಯೂ ಚಳಿಗಾಲದಲ್ಲಿ ಬರುವುದುಂಟು. ಮನೆ ಬದಲಾದಾಗ ಬೆಂಕಿಯ ಗುಣವೂ ಬದಲಾಗುತ್ತದೆ ಎಂಬುದನ್ನು ನಾವು ಅರವತ್ತು ದಾಟಿದ ಮೇಲೆ ಕಲಿತೆವು.

ಆದುದರಿಂದ ಅಲ್ಲಿಗೆ ಹೊರಟ ತಾಯಂದಿರಲ್ಲಿ ನಮ್ಮ ಮೊದಲ ವಿನಂತಿ: ಬಾಣಂತಿಯ ಕೋಣೆಗೆ ಕೆಂಡ ಬೇಡ, ಲೋಬಾನದ ಹೊಗೆಯೂ ಬೇಡ. ಅನಿಲದ ಒಲೆಯ ಮೇಲೆ ಹಾಲು ಕಾಯಿಸಿಕೊಳ್ಳುವುದು ಬೇರೆ, ಕೋಣೆ ಕಾಯಲೆಂದು ಅದನ್ನು ಹಚ್ಚಿಡುವುದು ಬೇರೆ, ಎರಡನೆಯದು ಸಲ್ಲದು. ಜನರೇಟರು ಇದ್ದರೆ ಮನೆಯಿಂದ ಕನಿಷ್ಠ 20 ಅಡಿ ದೂರ, ಹೊರಗೆ ಇರಬೇಕು. ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಒಳಗೆ ಕಾರನ್ನು ಚಾಲೂ ಮಾಡಿ ಬಿಡಕೂಡದು. 2021ರ ಫೆಬ್ರವರಿಯಲ್ಲಿ, ಹಿಮವನ್ನೇ ಅಪರೂಪಕ್ಕೆ ಕಾಣುವ ಟೆಕ್ಸಾಸ್ ರಾಜ್ಯದಲ್ಲಿ ಹಿಮ ಬಿದ್ದು ಲಕ್ಷಾಂತರ ಮನೆಗಳ ವಿದ್ಯುತ್ತು ಹೋದಾಗ ಜನ ಇವನ್ನೆಲ್ಲ ಮಾಡಿದರು. ಆ ರಾಜ್ಯದ ಆರೋಗ್ಯ ಇಲಾಖೆ ಲೆಕ್ಕ ಹಾಕಿದ 246 ಸಾವುಗಳಲ್ಲಿ ಈ ವಿಷಾನಿಲದ್ದೂ ಪಾಲಿದೆ. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಕಡೆಗಳಲ್ಲಿ ನಮ್ಮ ಜನ ಬಹಳ ಇದ್ದಾರೆ. ನಮ್ಮಲ್ಲಿ ಹಿಮವಿಲ್ಲ ಎಂದು ಅವರು ಈ ಪುಟವನ್ನು ತಿರುವಿಹಾಕದಿರಲಿ.

ಮಲಗುವ ಕೋಣೆಗಳ ಬಳಿ ಬ್ಯಾಟರಿಯಿಂದಲೂ ನಡೆಯುವ ವಿಷಾನಿಲದ ಅಲಾರಾಮು ಇರಲೇಬೇಕು. ಇನ್ನೊಂದು ಸಂಗತಿ ಬಹುಜನರಿಗೆ ತಿಳಿಯದು. ಈಚಿನ ಫರ್ನೇಸುಗಳ ಹೊಗೆಯು ಚಿಮಣಿಯಿಂದ ಹೋಗದೆ, ಗೋಡೆಯ ಕೆಳಭಾಗದಲ್ಲಿ ಹೊರಚಾಚಿದ ಪ್ಲಾಸ್ಟಿಕ್ ಕೊಳವೆಯಿಂದ ಹೋಗುತ್ತದೆ. ಹಿಮ ರಾಶಿಬಿದ್ದು ಆ ಬಾಯಿ ಮುಚ್ಚಿದರೆ ಫರ್ನೇಸು ನಿಲ್ಲುತ್ತದೆ, ಇಲ್ಲವೆ ವಿಷ ಒಳಗೇ ತುಂಬುತ್ತದೆ. ಆ ಕೊಳವೆ ಎಲ್ಲಿದೆ ಎಂದು ಹಿಮ ಬೀಳುವ ಮೊದಲೇ ಮನೆ ಸುತ್ತಿ ನೋಡಿಕೊಂಡು ಅಲ್ಲೊಂದು ಕೋಲು ನೆಟ್ಟಿರಬೇಕು.

ಕೆಂಡವಿಲ್ಲದೆ ಬೆಚ್ಚಗಿರುವುದು ಹೇಗೆ? ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಸೇರುವುದು, ಉಳಿದ ಕೋಣೆಗಳ ಬಾಗಿಲು ಹಾಕುವುದು, ಕಿಟಕಿಗೆ ದಪ್ಪ ಪರದೆ ಬಿಡುವುದು. ಎಚ್ಚರವಿದ್ದಾಗ ಕೂಸನ್ನು ತಾಯಿಯ ಮೈಗೆ ಮೈ ತಾಗಿಸಿ ಹಿಡಿಯುವುದು ಯಾವ ಅಗ್ಗಿಷ್ಟಿಕೆಗೂ ಕಡಿಮೆಯಲ್ಲ. ಬಟ್ಟೆಯ ಮಾತಿಗೆ ಬಂದರೆ, ಹತ್ತಿ ಒದ್ದೆಯಾದರೆ ಮೈಯ ಕಾವನ್ನು ಹೀರುತ್ತದೆ. ಉಣ್ಣೆ ಒದ್ದೆಯಾದರೂ ಸ್ವಲ್ಪ ಕಾವು ಉಳಿಸುತ್ತದೆ. ಚಿತ್ರದುರ್ಗ, ಚಳ್ಳಕೆರೆ ಕಡೆಯ ಕುರುಬರು ಮಳೆಯಲ್ಲಿ ಕರಿಯ ಕಂಬಳಿ ಹೊದ್ದು ಕುರಿ ಕಾಯುವುದು ಈ ಗುಣವನ್ನು ಬಲ್ಲುದರಿಂದಲೇ. ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆ ಒಂದು ಕಡಿಮೆಯಾದರೂ ಸರಿ, ಒಂದು ಕಂಬಳಿ ಇರಲಿ. ಅದರ ಕೆಳಗೆ ಒಂದು ದಪ್ಪ ಉಡುಪಿಗಿಂತ ತೆಳ್ಳನೆಯ ಮೂರು ಉಡುಪು ಮೇಲು. ವಯಸ್ಸಾದವರು ಸುಮ್ಮಸುಮ್ಮನೆ ತೂಕಡಿಸುತ್ತಿದ್ದರೆ, ಮಾತು ತೊದಲುತ್ತಿದ್ದರೆ, ಅದು ವೃದ್ಧಾಪ್ಯವೆಂದು ಬಿಡದೆ ಚಳಿ ಒಳಗೆ ಹೊಕ್ಕಿದೆಯೆಂದು ತಿಳಿಯಬೇಕು. ಮರಗಟ್ಟಿದ ಬೆರಳುಗಳನ್ನು ತಿಕ್ಕುವುದು ನಮ್ಮ ರೂಢಿ. ಹಿಮ ಕಚ್ಚಿದ ಬೆರಳನ್ನು ತಿಕ್ಕಿದರೆ ಚರ್ಮ, ಮಾಂಸ ಹಾಳಾಗುತ್ತವೆ. ಉಗುರುಬೆಚ್ಚಗಿನ ನೀರಿನಲ್ಲಿ ಇಳಿಬಿಡುವುದೇ ಸರಿ.

ನೀರಿನ ವಿಷಯ. ಆಳಿಗೆ ದಿನಕ್ಕೆ ಒಂದು ಗ್ಯಾಲನ್, ಎಂದರೆ ಸುಮಾರು 3.8 ಲೀಟರಿನಂತೆ ಕನಿಷ್ಠ ಮೂರು ದಿನದ ನೀರು ತುಂಬಿಡಬೇಕು. ಗೋಡೆಯೊಳಗಿನ ಕೊಳವೆಯ ನೀರು ಹೆಪ್ಪುಗಟ್ಟಿದರೆ ಹಿಗ್ಗಿ ಕೊಳವೆಯನ್ನೇ ಸೀಳುತ್ತದೆ. ಹಿಮ ಕರಗಿದ ದಿನ ಮನೆಯೆಲ್ಲ ಕೆರೆ. ಅದಕ್ಕಾಗಿ ಕೊರೆಯುವ ರಾತ್ರಿಗಳಲ್ಲಿ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡುತ್ತಾರೆ. ನೀರು ಪೋಲು ಮಾಡಬಾರದೆಂದು ಬೆಳೆದ ನಮಗೆ ಅದನ್ನು ಕಂಡರೆ ಕೈ ತಾನಾಗಿ ಚಾಚುತ್ತದೆ, ದಯವಿಟ್ಟು ತಿರುಗಿಸಬೇಡಿ. ಇಷ್ಟಲಿಂಗದ ಮಜ್ಜನಕ್ಕೆ ಒಂದು ತಂಬಿಗೆ ನೀರನ್ನು ಮಲಗುವ ಕೋಣೆಯಲ್ಲೇ ಇಟ್ಟುಕೊಂಡರೆ ಬೆಳಗಿನ ಪೂಜೆಗೆ ತೊಡಕಿಲ್ಲ. ಪತ್ರೆ ಸಿಗದಿದ್ದರೆ ವಿಭೂತಿಯೇ ಸಾಕು. ಎಣ್ಣೆದೀಪವನ್ನು ಪೂಜೆ ಮುಗಿದೊಡನೆ ಶಾಂತ ಮಾಡಿರಿ. ಉಳಿದ ಬೆಳಕೆಲ್ಲ ಟಾರ್ಚಿನದೇ ಇರಲಿ.

ಆಹಾರದ ವಿಷಯದಲ್ಲಿ ನಮ್ಮ ಉತ್ತರ ಕರ್ನಾಟಕದ ಅಡುಗೆಮನೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಒಲೆಯಿಲ್ಲದೆ, ಶೀತಪೆಟ್ಟಿಗೆಯಿಲ್ಲದೆ ವಾರಗಟ್ಟಲೆ ಉಳಿಯುವ ಅನ್ನ ಯಾವುದು ಎಂದು ಆ ದೇಶದವರು ಪಟ್ಟಿ ಮಾಡುತ್ತಾರೆ. ಒಣಗಿಸಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿ, ಗುರೆಳ್ಳು ಪುಡಿ ಆ ಪಟ್ಟಿಯ ತಲೆಯಲ್ಲಿ ಇರತಕ್ಕವು. ಹಿಮ ಸುರಿಯುವ ಅದೇ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಬಂಡಿ, ಟ್ರ್ಯಾಕ್ಟರುಗಳಲ್ಲಿ ರೊಟ್ಟಿ ಬರುವುದನ್ನು ನೋಡಿದವರಿಗೆ ಅದರ ಬಾಳಿಕೆ ಗೊತ್ತು. ಜೊತೆಗೆ ಅವಲಕ್ಕಿ, ಚುರುಮುರಿ, ಬೆಲ್ಲ, ಹಾಲಿನ ಪುಡಿ. ಮಲೆನಾಡಿನ ಗೃಹಿಣಿಯರು ವೈಶಾಖದಲ್ಲಿಯೇ ಹಪ್ಪಳ ಸಂಡಿಗೆ ಒಣಗಿಸಿ, ಕಟ್ಟಿಗೆ ಒಟ್ಟಿ, ಮಳೆಗಾಲದ ನಾಲ್ಕು ತಿಂಗಳಿಗೆ ಮನೆಯನ್ನು ಅಣಿಗೊಳಿಸುವ ಪದ್ಧತಿಯೇ ಇದು. ತಿಂಗಳು ಮಾತ್ರ ಬೇರೆ. ಔಷಧಿ ಒಂದು ವಾರಕ್ಕೆ ಹೆಚ್ಚಾಗಿಯೇ ಇರಲಿ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಕೆಲಸಕ್ಕೆ ಬಾರದು. ಅದನ್ನು ಕಿಟಕಿಯ ಬಳಿ ಇಡಬಾರದು.

ಇಲ್ಲಿ ಒಂದು ಶಂಕೆ ಏಳುವುದು ಸಹಜ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಬಂದಲ್ಲಿಗೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಹಿಂದಕ್ಕೆ ಕಳುಹಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ನಾಳೆಗೆ ಕೂಡಿಡುವುದು ಶರಣಮಾರ್ಗವಲ್ಲವೆಂದರೆ ಮೂರು ದಿನದ ಅನ್ನ ತುಂಬಿಡಿರೆಂದು ನಾವು ಹೇಗೆ ಹೇಳುತ್ತೇವೆ? ಈ ಪ್ರಶ್ನೆಯನ್ನು ಶಿಷ್ಯರ ಪತ್ನಿಯೇ, ಆ ನೆರೆಮನೆಯ ಒಲೆಯ ಮುಂದೆ ಕುಳಿತಾಗ, ನಮಗೆ ಕೇಳಿದಳು. ಲಕ್ಕಮ್ಮನವರು ಒಲ್ಲೆನೆಂದದ್ದು ಆಸೆಯ ಅಕ್ಕಿಯನ್ನು. ದಾಸೋಹದ ಅಕ್ಕಿಯನ್ನಲ್ಲ ಎಂದು ನಾವು ತಿಳಿಯುತ್ತೇವೆ. ಹಿಮಗಾಳಿಯ ಹಿಂದಿನ ದಿನ ಅಂಗಡಿಗೆ ನುಗ್ಗಿ ಹತ್ತು ಡಬ್ಬಿ ಹಾಲು ಬಾಚಿಕೊಂಡು ಬಂದರೆ ಅದು ಆಸೆ, ಹಿಂದೆ ನಿಂತವರ ಕೂಸಿನ ಪಾಲು. ಅಕ್ಟೋಬರಿನಿಂದಲೇ ವಾರಕ್ಕೊಂದರಂತೆ ತಂದಿಟ್ಟು, ಬಾಗಿಲಿಗೆ ಬಂದವರಿಗೂ ಎಟುಕುವಂತೆ ಇಟ್ಟರೆ ಅದು ದಾಸೋಹ. ನಮ್ಮ ಈ ವ್ಯಾಖ್ಯಾನವನ್ನು ಒಪ್ಪದ ವಿದ್ವಾಂಸರು ಇರಬಹುದು. ಅವರೊಡನೆ ವಾದಕ್ಕೆ ನಾವು ಸಿದ್ಧ.

ಬಾಗಿಲಿಗೆ ಬರುವವರು ಇರುತ್ತಾರೆಯೆ ಎಂದರೆ, ಅದೇ ಹಿಮಗಾಳಿಯಲ್ಲಿ ಬಂದರು. ನಯಾಗರ ನೋಡಲು ಹೊರಟ ದಕ್ಷಿಣ ಕೊರಿಯದ ಪ್ರವಾಸಿಗರ ವ್ಯಾನು ಬಫಲೋ ಬಳಿ ಹಿಮದಲ್ಲಿ ಹೂತಿತು. ಅವರು ಒಂದು ಮನೆಯ ಬಾಗಿಲು ತಟ್ಟಿ ಕೇಳಿದ್ದು ಸಲಿಕೆಯನ್ನು ಮಾತ್ರ. ಆ ಮನೆಯ ದಂಪತಿಗಳು ಹತ್ತು ಮಂದಿಯನ್ನೂ ಒಳಗೆ ಕರೆದು, ಗಾಳಿ ನಿಲ್ಲುವವರೆಗೆ ಇರಿಸಿಕೊಂಡರು. ಅವರ ಅಡುಗೆಮನೆ ಹಿಮಗಾಳಿಗೆಂದು ಮೊದಲೇ ತುಂಬಿತ್ತು. ಅತಿಥಿಗಳೇ ಕೊರಿಯದ ಅಡುಗೆ ಮಾಡಿ ಬಡಿಸಿದರಂತೆ. ಪಕ್ಕದ ಚೀಕ್ಟವಾಗಾ ಊರಿನಲ್ಲಿ ಸಿಲುಕಿದ ಒಬ್ಬನ ಅನುಭವ ಬೇರೆ. ಹಣ ಕೊಡುತ್ತೇನೆಂದು ಹಲವು ಬಾಗಿಲು ತಟ್ಟಿದರೂ ಯಾರೂ ತೆರೆಯಲಿಲ್ಲವೆಂದು ಆತ ಪತ್ರಿಕೆಗಳಿಗೆ ಹೇಳಿದ. ಕೊನೆಗೆ ಒಂದು ಶಾಲೆಯ ಕಿಟಕಿ ಒಡೆದು, ತನ್ನಂತೆ ಕಾರುಗಳಲ್ಲಿ ಸಿಲುಕಿದ್ದ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಒಳಗೆ ಸೇರಿಸಿದ. ಹೊರಡುವಾಗ ಕಿಟಕಿ ಒಡೆದದ್ದಕ್ಕೆ ಕ್ಷಮೆ ಕೋರಿ ಚೀಟಿ ಬರೆದಿಟ್ಟ. ಪೊಲೀಸರು ಅವನನ್ನು ಹುಡುಕಿದ್ದು ವಂದನೆ ಹೇಳುವುದಕ್ಕೆ.

ಇನ್ನುಳಿದವನ್ನು ಬೇಗನೆ ಹೇಳುತ್ತೇವೆ. ಮುನ್ಸೂಚನೆಯಲ್ಲಿ ‘ವಾಚ್’ ಎಂದರೆ ಬರಬಹುದು, ‘ವಾರ್ನಿಂಗ್’ ಎಂದರೆ ಬಂದೇ ಬಿಟ್ಟಿತು. ಮೊದಲನೆಯ ಮಾತು ಕೇಳಿದಾಗಲೇ ಹೊರಗಿನ ಕೆಲಸ ಮುಗಿಸಿಕೊಳ್ಳಬೇಕು. ಕಾರಿನಲ್ಲಿ ಪೆಟ್ರೋಲು ಅರ್ಧಕ್ಕಿಂತ ಕೆಳಗಿಳಿಯಬಾರದು. ಒಂದು ರಗ್ಗು, ಸಲಿಕೆ, ನೀರು ಅದರಲ್ಲಿರಲಿ. ದಾರಿಯಲ್ಲಿ ಸಿಲುಕಿದರೆ ಇಳಿದು ನಡೆಯದೆ ಕಾರಿನೊಳಗೇ ಇರಬೇಕು. ಹೊಗೆಕೊಳವೆಯ ಬಾಯಿಯ ಹಿಮ ಸರಿಸಿ, ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ನಡೆಸಿ, ಕಿಟಕಿಯನ್ನು ಬೆರಳಷ್ಟು ಇಳಿಸಿರಬೇಕು. ಇಲ್ಲಿಂದ ಹೋದ ತಂದೆಯವರಿಗೆ ಒಂದು ಮಾತು: ಮಗನಿಗೆ ನೆರವಾಗೋಣವೆಂದು ಬೆಳಗಿನ ಉಪಾಹಾರ ಮುಗಿಸಿ ಹಿಮ ಎತ್ತಲು ಇಳಿಯಬೇಡಿ. ಚಳಿಗೆ ರಕ್ತನಾಳ ಕುಗ್ಗಿರುತ್ತದೆ, ಒದ್ದೆ ಹಿಮ ಕಲ್ಲಿನಷ್ಟು ಭಾರ. ಅರವತ್ತು ದಾಟಿದವರ ಹೃದಯಕ್ಕೆ ಅದು ತಕ್ಕ ಕೆಲಸವಲ್ಲ. ಆ ಮಂಗಳವಾರ ನಾವೂ ಸಲಿಕೆ ಹಿಡಿದಿದ್ದೆವು. ನೆರೆಯ ತಾಯಿ ಗದರಿಸಿ ಕಸಿದುಕೊಂಡಳು.

ಆಕೆಯ ಮನೆಗೆ ದಾಟಿದ ರಾತ್ರಿ ಅಜ್ಜಿಯವರು ಅಷ್ಟು ಗಾಬರಿಯಲ್ಲಿಯೂ ರೊಟ್ಟಿಯ ಡಬ್ಬಿಯೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದರು. ಆ ಮಹಿಳೆ ಒಂದು ಚೂರು ಮುರಿದು, ಶೇಂಗಾ ಚಟ್ನಿ ಹಚ್ಚಿ ತಿಂದು, ಇನ್ನೊಂದು ಕೇಳಿದಳು. ಅವಳಿಗೆ ಕನ್ನಡವಿಲ್ಲ, ಇವರಿಗೆ ಇಂಗ್ಲಿಷಿಲ್ಲ. ಎರಡು ದಿನ ಇಬ್ಬರೂ ಒಲೆಗೆ ಸರದಿಯಲ್ಲಿ ಕಟ್ಟಿಗೆ ಹಾಕುತ್ತ ಕುಳಿತಿದ್ದರು. ಅಂದಿನಿಂದ ಪ್ರತಿ ನವೆಂಬರಿನಲ್ಲಿ ಹಾವೇರಿಯಿಂದ ಎರಡು ಕಟ್ಟು ರೊಟ್ಟಿ ಹೋಗುತ್ತದೆ, ಒಂದು ಮಗಳಿಗೆ, ಒಂದು ಆಕೆಗೆ.

ವಿದ್ಯುತ್ತು ಬಂದು ನಾವು ಮನೆಗೆ ಮರಳಿದ ದಿನ ಕುರ್ಚಿ ಹತ್ತಿ, ಅಡುಗೆಮನೆಯ ಚಾವಣಿಯ ಅಲಾರಾಮಿಗೆ ಬ್ಯಾಟರಿಯನ್ನು ನಮ್ಮ ಕೈಯಾರೆ ಹಾಕಿದೆವು. ಮರುದಿನ ಬೆಳಗ್ಗೆ ಧೂಪವಿಲ್ಲದೆ ಲಿಂಗಪೂಜೆ ನಡೆಯಿತು.